ನಿಂತಲ್ಲೇ ನಿಂತ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ನೂಲಿನ ಗಿರಣಿಯ ಗೇಟಿನಲ್ಲಿ ಮೂವತ್ತೊಂದು ವರ್ಷ ಕಾವಲು ನಿಂತವರು. ನಿಲ್ಲುವುದೂ ಒಂದು ವಿದ್ಯೆ ಎಂದು ಅವರು ಹೇಳಿದಾಗ ನಾವು ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ. ಒಳಗಿದ್ದವನು ಯಾವಾಗಲಾದರೂ ಗೇಟಿಗೆ ಬರಲೇಬೇಕು, ಹುಡುಕಿಕೊಂಡು ಅಲೆಯುವವನು ಹೆಡ್ಡ ಎಂಬುದು ಅವರ ಸಿದ್ಧಾಂತ. ಚಿಕ್ಕಮ್ಮನೋ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಗಂಡ ಎಡಕ್ಕೆ ಅಂದರೆ ಬಲಕ್ಕೆ ಹೋಗಿ, ಬರುವಾಗ ತರಕಾರಿಯನ್ನೂ ತರುತ್ತಿದ್ದರು.

ನಿವೃತ್ತಿಯಾದ ವರ್ಷ ಇಬ್ಬರೂ ದೊಡ್ಡ ಹಬ್ಬದ ಪುಣ್ಯಸ್ನಾನಕ್ಕೆಂದು ನದಿ ದಂಡೆಯ ನಗರವೊಂದಕ್ಕೆ ಹೋದರು. ರೈಲು ಇಳಿದದ್ದಷ್ಟೇ ಅವರ ಕೆಲಸ, ಮುಂದಕ್ಕೆ ಜನವೇ ತಳ್ಳಿಕೊಂಡು ಹೋಯಿತು. ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳುವಂತಿರಲಿಲ್ಲ.

"ನೋಡೇ, ಕೈ ತಪ್ಪಿದ್ರೆ ನಿಂತಲ್ಲೇ ನಿಂತ್ಕೋ. ನಾನೇ ಹುಡುಕ್ಕೊಂಡು ಬರ್ತೀನಿ," ಎಂದರು ಚಿಕ್ಕಪ್ಪ.

"ಆಯ್ತು ಅಂದ್ನಲ್ಲ. ಇದು ಆರನೇ ಸಲ ಹೇಳ್ತಿರೋದು."

ರಸ್ತೆಯ ತಿರುವು ದಾಟಿ ಏಳನೇ ಸಲ ಹೇಳಲು ಹೊರಳಿದರೆ, ಪಕ್ಕದಲ್ಲಿ ಬೇರೆ ಯಾರದೋ ಹೆಂಡತಿ ಇದ್ದಳು.

ಚಿಕ್ಕಪ್ಪ ಯೋಚಿಸಿದರು. ಇವಳು ಇಷ್ಟು ವರ್ಷದಲ್ಲಿ ನನ್ನ ಮಾತು ಕೇಳಿದ್ದು ಒಂದು ಸಲವೂ ಇಲ್ಲ. ಈಗಾಗಲೇ ನನ್ನನ್ನು ಹುಡುಕುತ್ತಾ ಹೊರಟಿರುತ್ತಾಳೆ. ನಾನೂ ಹೊರಟರೆ ಇಬ್ಬರೂ ಸಿಕ್ಕ ಹಾಗೇ! ಹೀಗೆಂದುಕೊಂಡು ಒಂದು ದೀಪದ ಕಂಬಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟರು.

ಒಂದು ಗಂಟೆ ಆಯಿತು, ಎರಡಾಯಿತು. ಅವರು ನಿಂತ ಗತ್ತು ನೋಡಿ ಜನ ಶೌಚಾಲಯಕ್ಕೆ ದಾರಿ ಕೇಳಿದರು. ಗೊತ್ತಿಲ್ಲದಿದ್ದರೂ ಕೈ ತೋರಿಸಿದರು, ಅಭ್ಯಾಸಬಲ. ಮೂರನೇ ಗಂಟೆಗೆ ಆಂಬುಲೆನ್ಸೊಂದು ಅರಚಿಕೊಳ್ಳುತ್ತಾ ತಿರುವಿನ ಕಡೆಗೆ ಹೋಯಿತು. ಬಿದ್ದವಳು ಇವಳೇ ಆಗಿದ್ದರೆ ಎಂದುಕೊಂಡ ಚಿಕ್ಕಪ್ಪ, ಸಿದ್ಧಾಂತವನ್ನು ಕಂಬದ ಹತ್ತಿರವೇ ಬಿಟ್ಟು ಓಡಿದರು.

ನೂರಡಿಯೂ ಓಡಿರಲಿಲ್ಲ. ಆಂಬುಲೆನ್ಸು ಮುಂದಕ್ಕೆ ಹೋಗಿತ್ತು. ತಿರುವಿನಾಚೆ, ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ, ಬಟ್ಟೆಯ ಚೀಲ ಹಿಡಿದು ಚಿಕ್ಕಮ್ಮ ನಿಂತಿದ್ದರು. ಪಾದ ಎರಡೂ ಊದಿಕೊಂಡಿದ್ದವು.

"ಕೂತ್ಕೋಬಾರದಿತ್ತೇನೇ?"

"ನಿಂತ್ಕೋ ಅಂದಿದ್ರಲ್ಲ. ಕೂತ್ರೆ ಈ ಜನದಲ್ಲಿ ನಿಮ್ಮ ಕಣ್ಣಿಗೆ ಬೀಳ್ತಿದ್ನಾ?" ಚಿಕ್ಕಮ್ಮ ಸೆರಗಿನಿಂದ ಗಂಡನ ಮುಖದ ಬೆವರು ಒರೆಸಿದರು. "ಪಾಪ, ಎಲ್ಲೆಲ್ಲಿ ಹುಡುಕಿದ್ರೋ ಏನೋ."

ಚಿಕ್ಕಪ್ಪ "ಹೂಂ" ಎಂದರು.

ಆ ಹೂಂ ಅನ್ನು ಹನ್ನೊಂದು ವರ್ಷವಾದರೂ ವಾಪಸ್ಸು ತೆಗೆದುಕೊಳ್ಳಲು ಅವರಿಂದ ಆಗಿಲ್ಲ. ನಿಜ ಗೊತ್ತಿರುವುದು ನನಗೊಬ್ಬನಿಗೆ. ಹೇಳಿಬಿಡಿ ಎಂದು ನಾನು ಬೈದದ್ದೂ ಆಯಿತು. ಮನೆಗೆ ಯಾರು ಬಂದರೂ ಚಿಕ್ಕಮ್ಮ ಶುರುಮಾಡುತ್ತಾರೆ: "ಮೂರು ಗಂಟೆ ಊರೆಲ್ಲಾ ಹುಡುಕಿದಾರೆ ಕಣ್ರೀ ನನ್ನ. ಬಂದೇ ಬರ್ತಾರೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ಅಲ್ಲಾಡಲಿಲ್ಲ."

ಆಗ ಚಿಕ್ಕಪ್ಪ ಎದ್ದು, ನೀರು ಕುಡಿಯಲು ಒಳಗೆ ಹೋಗುತ್ತಾರೆ.