ದೇಯಿ ಹೇಳಿದ ಮೂರು ಪುಟ

ಕೋರ್ಟಿನ ದಾಖಲೆಯಲ್ಲಿರುವುದು ಸಾಕ್ಷಿ ಆಡಿದ ಮಾತಲ್ಲ, ನ್ಯಾಯಾಧೀಶರು ಹೇಳಿ ಬರೆಸಿದ ಮಾತು. ಕಟಕಟೆ ಹತ್ತಿದವರಿಗೆಲ್ಲ ಇದು ಗೊತ್ತು. ಹತ್ತದವರು ಈಗಲಾದರೂ ತಿಳಿದುಕೊಳ್ಳಿ.

ಸೇಸಪ್ಪನವರು ಇದನ್ನು ಇಪ್ಪತ್ತೆರಡನೇ ವಯಸ್ಸಿಗೇ ತಿಳಿದುಕೊಂಡರು. ರಾಜ್ಯಗಳ ಗಡಿ ಎಳೆದು ಎರಡೇ ವರ್ಷವಾಗಿತ್ತು. ಆ ಗಡಿಗೆ ಅಂಟಿಕೊಂಡಿದ್ದ ಪುಟ್ಟ ಮುನ್ಸೀಫ್ ಕೋರ್ಟಿಗೆ ೧೯೫೮ರಲ್ಲಿ ಸ್ಟೆನೋ ಆಗಿ ಸೇರಿದರು. ಸಾಕ್ಷಿಗಳದು ತುಳು, ವಕೀಲರದು ಕನ್ನಡ, ದಾಖಲೆ ಇಂಗ್ಲಿಷಿನಲ್ಲಿ. ಗದ್ದೆಯ ಹೆಂಗಸು ಕಾಲು ಗಂಟೆ ಮಾತಾಡಿದರೆ ಮುನ್ಸೀಫರು ಒಂದು ಸಾಲು ಬರೆಸುತ್ತಿದ್ದರು. ಅದು ಟೈಪ್ ಆದ ಮೇಲೆ ಶಾರ್ಟ್‌ಹ್ಯಾಂಡ್ ಪುಸ್ತಕ ಸುಡುವ ರಾಶಿಗೆ.

ಸೇಸಪ್ಪನವರು ಪುಟದ ನಡುವೆ ಗೆರೆ ಹಾಕಿದರು. ಎಡಕ್ಕೆ ಮುನ್ಸೀಫರ ಮಾತು, ಬಲಕ್ಕೆ ಸಾಕ್ಷಿಯ ಮಾತು, ತುಳುವಿನಲ್ಲೇ. ಶಾರ್ಟ್‌ಹ್ಯಾಂಡ್ ಬರೆಯುವುದು ಸದ್ದನ್ನು, ಯಾವ ಭಾಷೆಯದಾದರೂ ಸರಿ. ಮನಸ್ಸಿಗೆ ಚುಚ್ಚಿದ ಪುಸ್ತಕಗಳು ಬುತ್ತಿಚೀಲದಲ್ಲಿ ಮನೆಗೆ ಬಂದವು. ಕಳ್ಳತನವೇ, ಇಲ್ಲವೆನ್ನುವುದಿಲ್ಲ. ನಿವೃತ್ತಿಯ ಹೊತ್ತಿಗೆ ಅರವತ್ತಮೂರು ಪುಸ್ತಕವಾಗಿದ್ದವು.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ದೇಯಿಯದು. ೧೯೬೨ರಲ್ಲಿ ಗೇಣಿಗದ್ದೆಯಿಂದ ಅವಳನ್ನು ಎಬ್ಬಿಸುವ ದಾವೆ. ಕಾಗದ ಇದೆಯೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಮೂರು ಪುಟ. ಮುನ್ಸೀಫರು ಬರೆಸಿದ್ದು, 'ನನ್ನಲ್ಲಿ ದಾಖಲೆ ಇಲ್ಲ.' ಅದನ್ನು ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆದವರು ಸೇಸಪ್ಪನವರೇ. ಕೆಳಗೆ 'ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದಳು' ಎಂಬ ಸಾಲು, ಪಕ್ಕದಲ್ಲಿ ಅವಳ ಹೆಬ್ಬೆಟ್ಟು. ಯಾವ ಭಾಷೆಯಲ್ಲಿ ಓದಿ ಹೇಳಿದರು ಎಂದು ಕೇಳಬೇಡಿ. ಗದ್ದೆ ಹೋಯಿತು.

ಹೆಂಡತಿ ತೀರಿದ ಮೇಲೆ, ೨೦೦೧ರಲ್ಲಿ, ಆ ಪುಸ್ತಕಗಳ ಸಮೇತ ಅವರು ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ, ಮಗ ಲತೇಶನ ಮನೆಗೆ ಬಂದರು. ಕಳೆದ ವರ್ಷ ಊರಿನಿಂದ ಒಂದು ಪತ್ರ ಬಂತು. ಬರೆದವಳು ದೇಯಿಯ ಮೊಮ್ಮಗಳು, ಶಾಲೆಯ ಟೀಚರು. 'ಅಜ್ಜಿ ಕೋರ್ಟಿನಲ್ಲಿ ಬಾಯಿಯೇ ಬಿಡಲಿಲ್ಲವಂತೆ, ಅದಕ್ಕೇ ಗದ್ದೆ ಹೋಯಿತಂತೆ. ಸತ್ತವಳನ್ನು ಮನೆಯವರು ಇವತ್ತಿಗೂ ಬೈಯುತ್ತಾರೆ. ನೀವಿದ್ದಿರಲ್ಲ, ನಿಜ ಹೇಳಿ.' ದೇಯಿಯ ಮಾತನ್ನು ಬರೆದು ಕಳಿಸುತ್ತೇನೆಂದು ಸೇಸಪ್ಪನವರು ಉತ್ತರ ಹಾಕಿದರು.

ಅಷ್ಟರಲ್ಲಿ ಲತೇಶ ಡಾಕ್‌ಲ್ಯಾಂಡ್ಸ್‌ನ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದ. ತಂದೆ ಸಿಡ್ನಿಗೆ, ವೆಸ್ಟ್‌ಮೀಡ್‌ನಲ್ಲಿ ನರ್ಸ್ ಆಗಿರುವ ಮಗಳು ಕುಸುಮಾವತಿಯ ಮನೆಗೆ ಬಂದರು. ಪುಸ್ತಕಗಳಿಗೆ ಎಲ್ಲಿಯೂ ಜಾಗವಿರಲಿಲ್ಲ. ಲತೇಶ ಮೂರು ಶನಿವಾರ ಆಫೀಸಿನಲ್ಲಿ ಕೂತು ಒಂದೊಂದೇ ಪುಟ ಸ್ಕ್ಯಾನ್ ಮಾಡಿ, ಸಿಡಿಗೆ ಹಾಕಿ, ಪುಸ್ತಕಗಳನ್ನು ರೀಸೈಕ್ಲಿಂಗ್ ಬಿನ್ನಿಗೆ ಹಾಕಿದ.

ಶಾರ್ಟ್‌ಹ್ಯಾಂಡಿನಲ್ಲಿ ಪೆನ್ಸಿಲ್ ಒತ್ತಿ ಎಳೆದರೆ ಒಂದು ಅಕ್ಷರ, ಹಗುರವಾಗಿ ಎಳೆದರೆ ಇನ್ನೊಂದು. ಸ್ಕ್ಯಾನಿನಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ.

ಮೊನ್ನೆ ನಾನು ಕುಸುಮಾವತಿಯ ಮನೆಗೆ ಹೋದಾಗ ಲತೇಶ ಫೋನಿನ ಸ್ಪೀಕರಿನಲ್ಲಿದ್ದ. ನನ್ನ ದನಿ ಕೇಳಿ ಹೇಳಿದ: "ಸಾರ್, ಫೈಲ್ ಸೈಜ್ ತುಂಬಾ ಆಗ್ತಿತ್ತು, ಬ್ಲ್ಯಾಕ್ ಅಂಡ್ ವೈಟ್ ಮಾಡ್ದೆ. ಬ್ಯಾಕಪ್ಪೂ ಇದೆ."

"ಎಂತದರ ಬ್ಯಾಕಪ್ಪು ಮಾರಾಯ? ಕರಿ ಗೆರೆಯದ್ದಾ?" ಎಂದರು ಸೇಸಪ್ಪನವರು.

"ನೀವು ಮೊದ್ಲೇ ಹೇಳ್ಬೇಕಿತ್ತು ಅಪ್ಪಾ."

"ನೀನು ಮೊದಲೇ ಕೇಳ್ಬೇಕಿತ್ತು."

ಡ್ಯೂಟಿಗೆ ಹೊರಟಿದ್ದ ಕುಸುಮಾವತಿ ಬ್ಯಾಗ್ ಎತ್ತಿಕೊಂಡಳು. "ಇವರದ್ದು ದಿನಾ ಇದೇ ವಿಚಾರಣೆ ಸಾರ್. ತೀರ್ಪು ಮಾತ್ರ ಇಲ್ಲ."

ಸೇಸಪ್ಪನವರು ಕೂತಲ್ಲಿ ಕೂರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಗೆ ಹೋಗುತ್ತಾರೆ, ಬರುತ್ತಾರೆ. ಟಿವಿಯವಳು ವಾರ್ತೆ ಓದಿದರೆ ಅವರ ಬೆರಳು ತೊಡೆಯ ಮೇಲೆ ಬರೆಯುತ್ತದೆ. ಬಲಗಣ್ಣು ಹೋಗಿದೆ, ಎಡಗಣ್ಣು ಮಬ್ಬು.

"ನೆನಪಿದ್ದಷ್ಟು ಬರೆದು ಕಳಿಸಿಬಿಡಿ," ಎಂದೆ.

ಅವರು ನನ್ನನ್ನು ಅಪರಾಧಿಯಂತೆ ನೋಡಿದರು. "ನೆನಪಿಂದ ಬರೆದ್ರೆ ಅದು ನನ್ನ ಮಾತಾಯ್ತಲ್ಲ? ಮುನ್ಸೀಫರು ಮಾಡಿದ್ದೂ ಅದೇ ಅಲ್ವಾ?"

ಕಂಪ್ಯೂಟರಿನಲ್ಲಿ ಪುಟ ದೊಡ್ಡದು ಮಾಡಿದೆ. ಒಂದೊಂದು ಗೆರೆಗೂ ಆಗಬಹುದಾದ ಎರಡು ಅಕ್ಷರ ಅವರು ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಬರೆದುಕೊಂಡು, ಹೀಗೋ ಹಾಗೋ ಎಂದು ಎರಡೂ ಬಗೆಯಲ್ಲಿ ಗಟ್ಟಿಯಾಗಿ ಓದಿ ನೋಡಬೇಕು. ಅವರೇ ಓದಿದರೆ ನೆನಪು ಬೆರೆಯುತ್ತದಂತೆ. ತುಳು ಬಲ್ಲವರ ಬಾಯಲ್ಲಿ ಸರಿಯಾದದ್ದು ತಾನೇ ನಿಲ್ಲುತ್ತದೆ. ನಾನು ತುಮಕೂರಿನವನು. ಎರಡು ಗಂಟೆಗೆ ದಕ್ಕಿದ್ದು ಒಂದೇ ಸಾಲು. ಅವರೇ ಕನ್ನಡಕ್ಕೆ ತಿರುಗಿಸಿದರು: 'ಆ ಕಟ್ಟಪುಣಿಯ ಮಣ್ಣು ನನ್ನ ತಲೆಯ ಮೇಲೇ ಹೋದದ್ದು.' ಕಟ್ಟಪುಣಿ ಎಂದರೆ ಗದ್ದೆಯ ಬದು, ಅದಕ್ಕೆ ಮಣ್ಣು ಹೊತ್ತವಳು ಅವಳೇ ಎಂದು ಹೇಳಿ ಎದ್ದು ಮತ್ತೆ ಕಿಟಕಿಗೆ ಹೋದರು.

ದೇಯಿ ಬಾಯಿ ಬಿಟ್ಟಿದ್ದಳು!

ಲತೇಶನನ್ನು ಬೈಯುವುದು ಸುಲಭ. ಅವನು ತಂದೆಯ ಕಾಗದಗಳಿಗೆ ಮೂರು ಶನಿವಾರ ಕೊಟ್ಟ, ನೀವೆಷ್ಟು ಕೊಟ್ಟಿದ್ದೀರಿ? ಇಲ್ಲಿ ಸಿಡ್ನಿಯಲ್ಲಿ ತುಳುವರ ಪಿಕ್ನಿಕ್ಕಿನಲ್ಲಿ ನೀರುದೋಸೆಯ ಸಾಲಿನಲ್ಲಿ ನಿಂತಿದ್ದ ಮೂವತ್ತು ಜನರಿಗೆ ಈ ವಿಷಯ ಹೇಳಿದೆ. "ಸೂಪರ್ ಸಾರ್, ವೆಬ್‌ಸೈಟಿಗೆ ಹಾಕಿ," ಎಂದರು. ಹಾಕುವುದಕ್ಕೆ ಏನಿದೆ? ಒಂದು ಸಾಲು. ಉಳಿದದ್ದು ಒಂದು ಮಬ್ಬುಗಣ್ಣಿನ ಹಿಂದಿದೆ, ಡಾಕ್ಟರು ಆ ಕಣ್ಣಿಗೆ ಕ್ರಿಸ್‌ಮಸ್‌ವರೆಗೆ ಗಡುವು ಕೊಟ್ಟಿದ್ದಾರೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ವೆಸ್ಟ್‌ಮೀಡ್ ಸ್ಟೇಷನ್ನಿನ ಹೊರಗೆ ನಿಂತಿರುತ್ತೇನೆ. ತುಳು ಬರುವವರೇ, ಒಬ್ಬರಾದರೂ ಬನ್ನಿ. ಬಂದು ಅವರ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ.