ಸೀಟಿ ಊದುವ ತನಕ ಬಿಡದ ಹಿಡಿತ

ಮುರಗೋಡದ ನಮ್ಮ ಹೈಸ್ಕೂಲಿನ ಸ್ಮಾರ್ಟ್ ಕ್ಲಾಸ್ ಕೋಣೆಯಲ್ಲಿ ಆ ಭಾನುವಾರ ಮಧ್ಯಾಹ್ನ ಶಾಲು ಹೊದಿಸಿದ್ದು ರಾಮದುರ್ಗದ ಸರ್‌ಗೆ. ನನ್ನ ಪಾಲಿಗೆ ಬಂದದ್ದು ಚುರಮುರಿ ಗಿರಮಿಟ್ಟಿನ ಪಾತ್ರೆ. "ಅಕ್ಕೋರ, ನೀವು ಮನಿಯವ್ರ ಇದ್ದಂಗ, ಸ್ವಲ್ಪ ಎಲ್ಲಾರ್ಗೂ ಹಂಚ್ರಿ," ಎಂದರು ಹೆಡ್‌ಮಾಸ್ತರು. ಮನೆಯವರಂತೆ! ಮನೆಯವರಿಗೆ ಯಾರೂ ಶಾಲು ಹೊದಿಸುವುದಿಲ್ಲವಲ್ಲ, ಅದಕ್ಕೇ ಆ ಮಾತು.

ಇಪ್ಪತ್ತಾರು ವರ್ಷ ಆ ಶಾಲೆಯ ಆಟದ ಟೀಚರ್, ಎಲ್ಲರ ಅಕ್ಕೋರು ನಾನು. ಬೈಲಹೊಂಗಲದಿಂದ ದಿನಾ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮೈದಾನದ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು ಹುಡುಗಿಯರಿಗೆ ಕಬಡ್ಡಿ ಕಲಿಸಿದವಳು. ಅಂದು ಟಿವಿಯಲ್ಲಿ ಭಾರತದ ಹೆಂಗಸರ ರಗ್ಬಿ ತಂಡಕ್ಕೆ ಆಡಲಿದ್ದ ಹುಡುಗಿ ಎಂಟನೆಯಿಂದ ಹತ್ತನೆಯವರೆಗೆ ನನ್ನ ಕೈಯಲ್ಲಿ ಬೆಳೆದವಳು. ಹತ್ತನೆ ಮುಗಿಸಿ ಕಾಲೇಜಿಗೆಂದು ರಾಮದುರ್ಗದ ಅತ್ತೆಯ ಮನೆಗೆ ಹೋದಳು. ಅಲ್ಲಿ ಈ ಸರ್ ಸಿಕ್ಕರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಕೊರಳಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚು. ತತ್ತಿಯ ಆಕಾರದ ಒಂದು ಚೆಂಡನ್ನು ಅವಳ ಕೈಗೆ ಕೊಟ್ಟರು, ಅಷ್ಟೇ. ನಾಲ್ಕು ವರ್ಷದಲ್ಲಿ ಅವಳು ದೇಶಕ್ಕೆ ಆಡುವವಳಾದಳು, ಅವರು ಗುರುಗಳಾದರು.

ಪೇಪರಿನಲ್ಲಿ ಬಂದಿತ್ತು: 'ರಾಮದುರ್ಗದ ತರಬೇತುದಾರರ ಶಿಷ್ಯೆ ಭಾರತ ತಂಡಕ್ಕೆ'. ಮೇಲಿನಿಂದ ಕೆಳಗಿನವರೆಗೆ ಮೂರು ಸಲ ಓದಿದೆ. ಮುರಗೋಡ ಎಂಬ ಊರಿನ ಹೆಸರಿತ್ತು, ಶಾಲೆಯ ಹೆಸರಿತ್ತು, ಅವಳ ಅತ್ತೆಯ ಹೆಸರು ಕೂಡ ಇತ್ತು. ನನ್ನದಿಲ್ಲ. ಅದೇ ಪೇಪರನ್ನು ಮಾಳಿಗೆಯ ಮೇಲೆ ಹಾಸಿ ಮೆಣಸಿನಕಾಯಿ ಒಣಗಿಸಿದೆ.

ಇಷ್ಟಾದರೂ ಮ್ಯಾಚು ನೋಡಲು ಹೋದೆ. ಹೋಗದೆ ಇರಲು ಸಾಧ್ಯವಿತ್ತೇ? ಅವಳ ಸೋದರಮಾವ, ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ಮುಂದಿನ ಬೆಂಚಿನಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ಝೆರಾಕ್ಸ್ ಅಂಗಡಿಯವ. ಟೆಸ್ಟ್ ಮ್ಯಾಚು ಎಂದರೆ ಐದು ದಿನ ನಡೆಯುತ್ತದೆಂದು ಶನಿವಾರದವರೆಗೂ ವಾದ ಮಾಡಿದ್ದ ಮನುಷ್ಯ. ರಗ್ಬಿಯಲ್ಲಿ ಎರಡು ದೇಶ ಆಡಿದರೆ ಅದನ್ನೇ ಟೆಸ್ಟ್ ಅನ್ನುತ್ತಾರೆ, ಎಂಬತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಫೋನಿನಲ್ಲಿ ನಿಯಮಗಳನ್ನೆಲ್ಲ ಓದಿಕೊಂಡು ಬಂದಿದ್ದ. ಬೆಳಿಗ್ಗೆ ಓದಿದವನು ಮಧ್ಯಾಹ್ನಕ್ಕೆ ಪಂಡಿತ.

ಆಟ ಶುರುವಾಯಿತು. ನನಗೆ ಅರ್ಧ ಅರ್ಥವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹುಡುಗಿ ಓಡುವಾಗ ನನ್ನ ಕಾಲಬೆರಳುಗಳು ಚಪ್ಪಲಿಯೊಳಗೆ ಮುದುಡುತ್ತಿದ್ದವು. ಅವಳು ಎದುರಾಳಿಯನ್ನು ಕೆಡವಿದಾಗಲೆಲ್ಲ ಜನ ತಿರುಗಿ ರಾಮದುರ್ಗದ ಸರ್ ಅವರ ಮುಖ ನೋಡುತ್ತಿದ್ದರು. ಅವರು ಸುಮ್ಮನೆ ತಲೆಯಾಡಿಸುತ್ತಿದ್ದರು. ಆ ತಲೆಯಾಡಿಸುವಿಕೆ ನೋಡಿ ನಾನು ಗಿರಮಿಟ್ಟಿನ ಪಾತ್ರೆ ಎತ್ತಿಕೊಂಡು ಇನ್ನೊಂದು ಬದಿಗೆ ಹೋದೆ.

ಕೊನೆಯ ಎರಡು ನಿಮಿಷ. ಎರಡೂ ಕಡೆ ಸಮ. ಎದುರಿನ ತಂಡದ ಒಬ್ಬ ದಢೂತಿ ಆಟಗಾರ್ತಿ ಚೆಂಡು ಹಿಡಿದು ನುಗ್ಗಿದಳು; ನಮ್ಮ ಹುಡುಗಿ ಹಾರಿ ಅವಳ ಕಾಲಿಗೆ ಬಿದ್ದು ಕೆಡವಿದಳು. ಕೋಣೆಯೆಲ್ಲ ಎದ್ದು ನಿಂತಿತು. ಆದರೆ ರೆಫರಿ ಸೀಟಿ ಊದಿ ನಮ್ಮ ವಿರುದ್ಧವೇ ಕೈ ಎತ್ತಿದಳು. ಅವರಿಗೆ ಪೆನಾಲ್ಟಿ. ಚೆಂಡು ಕಂಬಗಳ ನಡುವೆ ಹಾರಿಹೋಯಿತು, ಮೂರು ಪಾಯಿಂಟು. ಆ ಮೂರರಿಂದಲೇ ಸೋತೆವು.

"ಬಿಡಬೇಕಾಗಿತ್ರಿ!" ಝೆರಾಕ್ಸಿನವ ಮೇಜು ಗುದ್ದಿದ. "ಕೆಡವಿದ ಕೂಡಲೆ ಬಿಟ್ಟಬಿಡಬೇಕು, ಅದು ರೂಲು. ಈಕಿ ನೆಲಕ್ಕ ಬಿದ್ದಮ್ಯಾಲೂ ಹಿಡಕೊಂಡ ಮಲಗ್ಯಾಳ. ಆಕೀನ ಯಾಕ ಕಡೀತನಕ ಆಡಿಸಿದ್ರು? ಬೆಂಚಿನ ಮ್ಯಾಲೆ ಬ್ಯಾರೆ ಹುಡುಗ್ಯಾರು ಇದ್ದಿಲ್ಲೇನು?"

"ನಿನ್ನ ಅಂಗಡ್ಯಾಗ ಎರಡೂ ಬದಿ ಝೆರಾಕ್ಸ್ ಬರೋಬ್ಬರಿ ಬರೂದಿಲ್ಲ, ಭಾರತದ ಟೀಮ್ ಆರಿಸಾಕ ಬಂದಿ," ಎಂದು ಸೋದರಮಾವ ಎಗರಿದ.

"ತಪ್ಪ ತಪ್ಪs ಅಲ್ಲೇನ್ಪಾ? ಮುಂದಿನ ರವಿವಾರ ಮತ್ತ ಮ್ಯಾಚ್ ಐತಿ. ಬುಧವಾರ ಟೀಮ್ ಹೇಳ್ತಾರ. ನಾ ಆಗಿದ್ರ ಆಕೀನ ತಗೀತಿದ್ದೆ."

ಹೆಡ್‌ಮಾಸ್ತರು ಕನ್ನಡಕ ಒರೆಸುತ್ತ ಮೆಲ್ಲಗೆ ಕೇಳಿದರು: "ಅಲ್ರಿ ಸರ, ಇಷ್ಟು ಸಣ್ಣ ಸಂಗತಿ ಆಕಿಗೆ ಕಲಿಸಿದ್ದಿಲ್ಲೇನ್ರಿ?"

ಆ ಕ್ಷಣ ನನಗಾದ ಖುಷಿಯನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಎದೆ ತಂಪಾಯಿತು. ಹುಡುಗಿ ಅಲ್ಲೆಲ್ಲೋ ಮೈದಾನದಲ್ಲಿ ಮಂಡಿಯೂರಿ ಅಳುತ್ತಿದ್ದಳು, ನಾನಿಲ್ಲಿ ಒಳಗೊಳಗೇ ಹಿಗ್ಗುತ್ತಿದ್ದೆ. ಹಾಗಾಗಬೇಕು, ಇನ್ನಷ್ಟು ಕೇಳಲಿ, ಕೊಡಲಿ ಉತ್ತರ ಎಂದುಕೊಂಡೆ.

ಅಷ್ಟರಲ್ಲಿ ಟಿವಿಯಲ್ಲಿ ಆ ಹಿಡಿತವನ್ನು ನಿಧಾನವಾಗಿ ಮತ್ತೆ ತೋರಿಸಿದರು. ಬಲಗೈ ಎಡಗೈಯ ಮಣಿಕಟ್ಟನ್ನು ಬೀಗದಂತೆ ಹಿಡಿದಿತ್ತು. ಕೆನ್ನೆ ಎದುರಾಳಿಯ ಮೀನಖಂಡಕ್ಕೆ ಒತ್ತಿಕೊಂಡಿತ್ತು. ನಾನು ಪಾತ್ರೆಯನ್ನು ಬೆಂಚಿನ ಮೇಲಿಟ್ಟೆ. ಕಿತ್ತೂರಿನಲ್ಲಿ ಒಂದು ಪಂದ್ಯಕ್ಕೆ ಹೋದಾಗ ನಮ್ಮ ಹುಡುಗಿಯೊಬ್ಬಳ ಹಲ್ಲು ಎದುರಾಳಿಯ ಮೊಣಕಾಲು ತಾಗಿ ಮುರಿದಿತ್ತು. ಅಂದಿನಿಂದ ಕೆನ್ನೆ ಒತ್ತುವುದನ್ನು ಕಲಿಸಿದವಳು ನಾನು. ಇನ್ನೊಂದು ಮಾತನ್ನೂ ನಾನೇ ಕಲಿಸಿದ್ದು: ಹಿಡಿದ ಮೇಲೆ ಸೀಟಿ ಊದುವ ತನಕ ಬಿಡಬ್ಯಾಡ, ಆಕಿ ಒದೀಲಿ, ಪರಚಲಿ, ಬಿಡಬ್ಯಾಡ. ಕಬಡ್ಡಿಯಲ್ಲಿ ಬಿಟ್ಟರೆ ಹೋಯಿತು. ಅದನ್ನು ದಿನಾ ಬೆಳಿಗ್ಗೆ ಮೂರು ವರ್ಷ ಅವಳ ಕಿವಿಯಲ್ಲಿ ಕೂಗಿದ್ದೆ.

ಭಾರತ ಸೋತದ್ದು ನನ್ನ ಪಾಠದಿಂದ. ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಬೈಗುಳವೆಲ್ಲ ರಾಮದುರ್ಗಕ್ಕೆ. ಮುಚ್ಚಿಕೊಂಡೂ ಇದ್ದೆ.

ಆಗ ರಾಮದುರ್ಗದ ಸರ್ ಎದ್ದು ಎಲ್ಲರಿಗೂ ಕೈ ಮುಗಿದರು. "ಹುಡುಗೀದೇನೂ ತಪ್ಪಿಲ್ರಿ. ಕಲಿಸಿದಾಂವ ನಾನು. ಬೈಯೂದಿದ್ರ ನನಗ ಬೈರಿ."

ಸೋದರಮಾವನ ಕಣ್ಣಲ್ಲಿ ನೀರು. "ಗುರು ಅಂದ್ರ ಹಿಂಗಿರಬೇಕು ನೋಡ್ರಿ," ಎಂದ. ಮೇಜು ಗುದ್ದಿದ್ದ ಝೆರಾಕ್ಸಿನವನೂ ಹೌದು ಹೌದು ಎಂದ.

ಅಯ್ಯ ಶಿವನೇ! ಗೆದ್ದರೂ ಇವರದೇ, ಸೋತರೂ ಇವರದೇ! ಆ ಹುಡುಗಿಯ ಮೈಯಲ್ಲಿ ನನ್ನದು ಅಂತ ಉಳಿದಿದ್ದ ಒಂದೇ ಒಂದನ್ನೂ ಈ ಮನುಷ್ಯ ಹಾಡುಹಗಲೇ ತನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ.

"ಕುಂಡ್ರಿ ಸರ," ಎಂದೆ. ದನಿ ಮೈದಾನದಲ್ಲಿ ಕೂಗುವಷ್ಟು ದೊಡ್ಡದಾಗಿತ್ತು. "ಆ ಹಿಡಿತ ನಿಮ್ಮದಲ್ಲ, ನಂದು. ಕೈಗೆ ಕೈ ಬೀಗ ಹಾಕೂದು, ಗಲ್ಲ ಒತ್ತೂದು, ಸೀಟಿ ಊದೂತನಕ ಬಿಡದs ಇರೂದು, ಎಲ್ಲಾ ನಾ ಕಲಿಸಿದ್ದು. ಇದs ಸಾಲ್ಯಾಗ, ಇದs ಗ್ರೌಂಡಿನ್ಯಾಗ."

"ಅಂದ್ರ ಮ್ಯಾಚ್ ಸೋತಿದ್ದು ನಿಮ್ಮಿಂದs ಅನ್ರಿ ಅಕ್ಕೋರ," ಎಂದ ಝೆರಾಕ್ಸಿನವ.

"ಹೌದು, ನನ್ನಿಂದs!" ಎಂದೆ ಎದೆಯುಬ್ಬಿಸಿ. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ತರು ಗಾಬರಿಯಾಗಿ ಚಾ ತರಿಸಲು ಹೇಳಿದರು.

ರಾಮದುರ್ಗದ ಸರ್ ನಗಲಿಲ್ಲ. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನನಗ ಗೊತ್ತೈತ್ರಿ ಅಕ್ಕೋರ. ನಾಕು ವರ್ಷ ಬಡಕೊಂಡೇನಿ, ಬಿಡು ಬಿಡು ಅಂತ. 'ನಮ್ಮ ಅಕ್ಕೋರು ಬಿಡಬ್ಯಾಡ ಅಂದಾರ್ರಿ' ಅಂತಾಳ. ಪ್ರಾಕ್ಟೀಸಿನ್ಯಾಗ ಬಿಡ್ತಾಳ. ಮ್ಯಾಚಿನ್ಯಾಗ ಜೀವ ಗಾಬರಿ ಆತಂದ್ರ ನಿಮ್ಮ ಮಾತs ನೆನಪಾಗತೈತಿ ಆಕಿಗೆ."

ಅದನ್ನು ಕೇಳಿ ಬಾಯಿಗೆ ಸಕ್ಕರೆ ಹಾಕಿದಂತಾಯಿತು. ನಾಲ್ಕು ವರ್ಷ! ಅವರ ಮೈದಾನದಲ್ಲಿ, ಅವರ ಎದುರಿಗೇ ನನ್ನ ಹೆಸರು ಹೇಳಿದ್ದಾಳೆ. ಇನ್ನೊಮ್ಮೆ ಹೇಳ್ರಿ ಎನ್ನುವ ಆಸೆಯಾಯಿತು.

ಆದರೆ ಅವರು ಮಾತು ಮುಗಿಸಿರಲಿಲ್ಲ. "ಹಿಂಗs ಆಡಿದ್ರ ಬುಧವಾರ ಆಕಿ ಹೆಸರು ಇರೂದಿಲ್ರಿ. ನಾ ಹೇಳಿದ್ರ ಆಗಂಗಿಲ್ಲ. ನೀವs ಹೇಳಬೇಕು."

ಚಾ ಬರುವಷ್ಟರಲ್ಲಿ ಫೋನು ಬಂತು. ಅವರ ಫೋನಿಗೆ. ನನ್ನ ನಂಬರೂ ಅವಳ ಹತ್ತಿರ ಇದೆ, ಯುಗಾದಿಗೆ ಮೆಸೇಜು ಕಳಿಸುತ್ತಾಳೆ, ಆದರೆ ಸೋತ ದಿನ ಅವಳ ಬೆರಳು ಹೋದದ್ದು ಅವರ ಹೆಸರಿನ ಮೇಲೆ. "ಅಕ್ಕೋರು ಇಲ್ಲೇ ಅದಾರ, ಮಾತಾಡು," ಎಂದು ಅವರು ನನ್ನ ಕೈಗೆ ಕೊಟ್ಟರು. ನಾನು ಕಿಟಕಿಯ ಹತ್ತಿರ ಹೋದೆ.

"ಅಕ್ಕೋರ, ನೋಡಿದ್ರೇನ್ರಿ?" ಅವಳಿನ್ನೂ ಬಿಕ್ಕುತ್ತಿದ್ದಳು. "ನಾ ಬಿಡಲಿಲ್ರೀ ಅಕ್ಕೋರ. ಕಡೀತನಕ ಬಿಡಲಿಲ್ಲ."

ಭೇಷ್ ಮಗಳೇ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವಳು ಇನ್ನೂ ಹತ್ತು ವರ್ಷ ಅದನ್ನು ಬಿಡುತ್ತಿರಲಿಲ್ಲ, ತಂಡದಲ್ಲಿ ಇರಲಿ, ಬಿಡಲಿ. ಆ ಒಂದು ಗಳಿಗೆ ನಾನು ಏನು ಯೋಚಿಸಿದೆ ಎಂಬುದು ದೇವರಿಗೆ ಗೊತ್ತಿದ್ದರೆ ಸಾಕು.

"ಛಲೋ ಹಿಡದಿ," ಎಂದೆ. "ಆದ್ರ ಇನ್ನ ಮ್ಯಾಲೆ ಬಿಡಬೇಕವ್ವಾ. ಕೆಡವಿದ ಕೂಡಲೆ ಕೈ ಬಿಡಬೇಕು."

"ಸೀಟಿ ಊದೂತನಕ…"

"ಅದು ಕಬಡ್ಡಿ. ಇದು ಬ್ಯಾರೆ ಆಟ. ಬಿಡು."

"ನೀವs ಹೇಳಾಕತ್ತೀರೇನ್ರಿ?"

"ಹೂಂ, ನಾನs ಹೇಳಾಕತ್ತೇನಿ."

"ಆತ್ರಿ ಅಕ್ಕೋರ," ಎಂದಳು.

ನಾಲ್ಕು ವರ್ಷ ಅವರು ಬಡಿದುಕೊಂಡರೂ ಆಗದ್ದು ನನ್ನ ಒಂದು ಮಾತಿಗೆ ಆಯಿತು. ಹೆಮ್ಮೆಪಡಬೇಕಿತ್ತು. ಆದರೆ ಅವಳು ಅಷ್ಟು ಬೇಗ ಒಪ್ಪಬಾರದಾಗಿತ್ತು ಎನಿಸಿತು. ಒಂದು ಸಲವಾದರೂ ಹಟ ಮಾಡಬಹುದಿತ್ತು, ಯಾಕ್ರಿ ಅಂತ ಕೇಳಬಹುದಿತ್ತು.

"ಸರ್‌ಗೆ ಕೊಡ್ರಿ ಅಕ್ಕೋರ, ಮುಂದಿನ ಮ್ಯಾಚಿಂದು ಕೇಳೂದೈತಿ," ಎಂದಳು.

ಕೊಟ್ಟೆ. ಅವರು ಸ್ಕ್ರಮ್ಮು, ರಕ್ಕು, ಲೈನ್‌ಔಟು ಎಂದು ಏನೇನೋ ಹೇಳತೊಡಗಿದರು, ಕೈಯಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ. ನನಗೊಂದೂ ತಿಳಿಯಲಿಲ್ಲ. ಅಳುತ್ತಿದ್ದವಳು ಅವರ ಯಾವುದೋ ಮಾತಿಗೆ ಆ ಕಡೆಯಿಂದ ನಕ್ಕದ್ದು ಮಾತ್ರ ಕೇಳಿಸಿತು. ಫೋನು ನನಗೆ ಮತ್ತೆ ಬರಬಹುದೆಂದು ಅಲ್ಲೇ ನಿಂತಿದ್ದೆ. ಮಾತು ಮುಗಿಸಿ ಅವರು ಅದನ್ನು ಕಿಸೆಗೆ ಹಾಕಿಕೊಂಡರು.