ಟಿವಿಯಲ್ಲಿ ಬಾರದ ಬೈಗುಳ

ಲಗ್ಗೆರೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿಗೆ ಗೊಣಗುವವರನ್ನು ಕಂಡರೆ ಆಗುತ್ತಿರಲಿಲ್ಲ. ತರಕಾರಿಯವನು ಬಾಯೊಳಗೇ ಬೆಲೆ ಹೇಳಿದರೂ, ನಾನು ಬಾಡಿಗೆ ತಡವಾದದ್ದಕ್ಕೆ ನೆಪ ತೊದಲಿದರೂ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು "ಕೇಳೋ ಹಾಗೆ ಹೇಳಿ" ಎನ್ನುತ್ತಿದ್ದರು.

ಒಮ್ಮೆ ನಮ್ಮ ರಸ್ತೆಯ ಪಾರ್ಕ್ ಉದ್ಘಾಟನೆಗೆ ಒಬ್ಬ ನಾಯಕ ಬಂದ. ಬಾಯಿ ಬಿಟ್ಟರೆ ವಿವಾದ ಎಂದೇ ಹೆಸರಾದವನು. ಆಂಟಿ ಎದ್ದು ನಿಂತು, "ನಲ್ಲೀಲಿ ಚರಂಡಿ ನೀರು ಬರ್ತಾ ಇದೆ. ಯಾವಾಗ ಸರಿ ಮಾಡಿಸ್ತೀರಾ?" ಎಂದು ಜೋರಾಗಿಯೇ ಕೇಳಿದರು. ಅವನು ಮೈಕಿನಲ್ಲೇ, ಯಾವ ಹೆಂಗಸಿಗೂ ಆಡಬಾರದ ಮಾತು ಆಡಿದ. ಹಿಂಬಾಲಕರು ಕೇಕೆ ಹಾಕಿ ನಕ್ಕರು. ಟಿವಿಯವರ ಕ್ಯಾಮೆರಾ ಎದುರಿಗೇ ಇತ್ತು.

ಸಂಜೆ ಸುದ್ದಿಯಲ್ಲಿ ಅವನು ನಗುನಗುತ್ತಾ ಟೇಪು ಕತ್ತರಿಸಿದ್ದಷ್ಟೇ ಬಂತು. ಆಂಟಿ ಚಾನೆಲ್ಲಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಅಂಥಾ ಮಾತಿಗೆಲ್ಲಾ ನಾವು ಪ್ರಚಾರ ಕೊಡಲ್ಲ ಮೇಡಂ" ಎಂದಿತು ಅತ್ತಲಿನ ದನಿ, ದೊಡ್ಡ ಉಪಕಾರ ಮಾಡಿದವರ ಹಾಗೆ.

"ಅವನ ನಗುವಿಗೆ ಕೊಟ್ರಲ್ಲಪ್ಪ! ನಗು ಊರಿಗೆಲ್ಲಾ, ಬೈಗುಳ ನನ್ನೊಬ್ಬಳಿಗಾ? ನಾನು ಕೇಳಿದ ಪ್ರಶ್ನೆನಾದ್ರೂ ಹಾಕ್ಬೋದಿತ್ತಲ್ಲ?"

ಅತ್ತ ಏನೋ ಗೊಣಗಿದರು. ಆಂಟಿ "ಕೇಳೋ ಹಾಗೆ ಹೇಳಿ" ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಪ್ರಚಾರ ಕೊಡದೆ ಇವರು ಉಳಿಸಿದ್ದು ಯಾರ ಮಾನವನ್ನು? "ನಾಚಿಕೆ ಇಲ್ಲದವ್ರು" ಎಂದು ಹಲ್ಲು ಕಚ್ಚಿಕೊಂಡು ಸಣ್ಣಗೆ ಅಂದೆ.

ಆಂಟಿ ಸೆರಗು ಸಿಕ್ಕಿಸಿಕೊಂಡು ಎದ್ದರು. ರಸ್ತೆ ಕಡೆಯ ಕಿಟಕಿಯನ್ನು ಪೂರ್ತಿ ತೆರೆದು, ನನ್ನ ಕಡೆ ತಿರುಗಿದರು.

"ಕೇಳೋ ಹಾಗೆ ಹೇಳಿ."